ಗೀಸರ್ ಕೊಳ್ಳುವ ಮುನ್ನ: ಗೋಡೆಯ ಸ್ವಿಚ್, ಸಾಕೆಟ್ ಮತ್ತು ಭೂಸಂಪರ್ಕದ ಆಯ್ಕೆ

ಅರಸೀಕೆರೆ ಸೀಮೆಯ ಮನೆಗಳಲ್ಲಿ ಬಚ್ಚಲೊಲೆಗೆ ಉರುವಲಿನ ಚಿಂತೆ ಇದ್ದುದು ಕಡಿಮೆ. ತೆಂಗಿನ ಮಟ್ಟೆ, ಒಣಗರಿ, ಕರಟ ಇವೆಲ್ಲ ತೋಟದಿಂದಲೇ ಬರುತ್ತಿದ್ದವು. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಯಲ್ಲಿ ಕಾಫಿ ತೋಟದ ಒಣರೆಂಬೆಗಳು ಅದೇ ಕೆಲಸ ಮಾಡುತ್ತಿದ್ದವು. ಬೆಳಗಿನ ಜಾವ ಹಂಡೆಯ ಕೆಳಗೆ ಉರಿ ಹಾಕಿದರೆ ಮನೆಮಂದಿಗೆಲ್ಲ ಬಿಸಿನೀರು ದೊರೆಯುತ್ತಿತ್ತು. ಈ ಪದ್ಧತಿ ಇಂದಿಗೂ ಪೂರ್ಣವಾಗಿ ಮರೆಯಾಗಿಲ್ಲ. ಆದರೆ ವಸತಿ ಯೋಜನೆಗಳಡಿ ನಿರ್ಮಾಣವಾಗುತ್ತಿರುವ ಹೊಸ ಮನೆಗಳಲ್ಲಿ ಸ್ನಾನಗೃಹಕ್ಕೆ ದೊರೆಯುವ ಜಾಗ ಹೆಚ್ಚೆಂದರೆ ನಾಲ್ಕಡಿ ಅಗಲ, ಆರಡಿ ಉದ್ದ. ಅಲ್ಲಿ ಹಂಡೆ ಹೂಡಲು, ಹೊಗೆ ಹೋಗಲು ಅವಕಾಶವೇ ಇಲ್ಲ. ಆದಕಾರಣ ಗೃಹಪ್ರವೇಶವಾದ ಕೆಲವೇ ದಿನಗಳಲ್ಲಿ ಗೋಡೆಗೆ ಗೀಸರ್ ಬಂದು ಕೂರುತ್ತದೆ.

ಮನೆಗಳ ಪ್ರಗತಿ ಪರಿಶೀಲನೆಗೆಂದು ಹೋದಾಗಲೆಲ್ಲ ಸ್ನಾನಗೃಹದ ಬಾಗಿಲ ಬಳಿಯ ಸ್ವಿಚ್ ಬೋರ್ಡನ್ನು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಅಂತಹ ಒಂದು ಭೇಟಿಯಲ್ಲಿ ಮನೆಯ ಹಿರಿಯ ತಾಯಿಯೊಬ್ಬರು, "ಸಾರ್, ನಲ್ಲಿ ಮುಟ್ಟಿದ್ರೆ ಜುಂ ಅಂತದೆ, ಅದ್ಕೇ ನಾವು ಹವಾಯಿ ಚಪ್ಲಿ ಹಾಕ್ಕೊಂಡೇ ಸ್ನಾನ ಮಾಡೋದು" ಎಂದು ಬಹಳ ಸಹಜವಾಗಿ ಹೇಳಿದರು. ಬಾಗಿಲ ಹೊರಗೆ ಚಿಕ್ಕ ಮೊಮ್ಮಕ್ಕಳ ಚಪ್ಪಲಿಗಳೂ ಸಾಲಾಗಿದ್ದವು. ಗೀಸರ್ ಹೊಸದು, ಐದು ನಕ್ಷತ್ರದ್ದು, ಐಎಸ್‌ಐ ಗುರುತಿನದು. ದೋಷವಿದ್ದುದು ಗೋಡೆಯಲ್ಲಿ. ದೀಪದ ತಂತಿಯಿಂದ ಕವಲೊಡೆದು ತಂದ ಸಾಕೆಟ್ಟು, ಅದರ ಮೇಲಿನ ದಪ್ಪ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ. ಅಂದರೆ ಭೂಸಂಪರ್ಕ ಹೆಸರಿಗೂ ಇರಲಿಲ್ಲ. ಮೊದಲು ಗೀಸರನ್ನು ಕೊಳ್ಳುವುದು, ಅನಂತರ ಅದನ್ನು ಎಲ್ಲಿ ಚುಚ್ಚುವುದೆಂದು ಹುಡುಕುವುದು, ಇದು ನಮ್ಮಲ್ಲಿ ರೂಢಿಯಾಗಿರುವ ಕ್ರಮ. ಈ ಕ್ರಮವನ್ನು ತಿರುವು ಮಾಡಿ, ಗೋಡೆಯನ್ನು ಮೊದಲು ಸಿದ್ಧಪಡಿಸಬೇಕೆಂಬುದೇ ಈ ಲೇಖನದ ಉದ್ದೇಶ.

ವ್ಯಾಟ್ ಎಷ್ಟು, ಆಂಪಿಯರ್ ಎಷ್ಟು

ಯಾವುದೇ ಕಾಯಿಸುವ ಉಪಕರಣದ ಮೈಮೇಲೆ ಅದರ ವ್ಯಾಟ್ ಸಾಮರ್ಥ್ಯ ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ವಿದ್ಯುತ್ ಪ್ರವಾಹ ಆಂಪಿಯರ್‌ಗಳಲ್ಲಿ ದೊರೆಯುತ್ತದೆ. 2000 ವ್ಯಾಟ್‌ನ ಟ್ಯಾಂಕ್ ಗೀಸರ್ ಸುಮಾರು 8.7 ಆಂಪಿಯರ್, 3000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಸುಮಾರು 13 ಆಂಪಿಯರ್, 4500 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಸುಮಾರು 19.6 ಆಂಪಿಯರ್ ಎಳೆಯುತ್ತದೆ. ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟ್ ಕಾಯಿಲ್ ಕೂಡ 6.5 ಆಂಪಿಯರ್ ಬಯಸುತ್ತದೆ.

ನಮ್ಮ ದೇಶದ ಮನೆಬಳಕೆಯ ಸಾಕೆಟ್‌ಗಳು ಐಎಸ್ 1293 ಮಾನಕದಂತೆ ಎರಡು ಬಗೆಯವು: 6 ಆಂಪಿಯರ್ ಮತ್ತು 16 ಆಂಪಿಯರ್. ಹಿಂದೆ ಇವನ್ನೇ 5 ಮತ್ತು 15 ಆಂಪಿಯರ್ ಎನ್ನುತ್ತಿದ್ದರು. ಅಂಗಡಿಗಳಲ್ಲಿ ಇಂದಿಗೂ ಕೆಲವರು ಹಾಗೆಯೇ ಕೇಳುತ್ತಾರೆ. ಮೊಬೈಲ್, ಟಿವಿ, ಫ್ಯಾನ್‌ಗಳಿಗೆ ಚಿಕ್ಕದು. ನಾವು ಪವರ್ ಪ್ಲಗ್ ಎಂದು ಕರೆಯುವುದು ದೊಡ್ಡದು. ಮೇಲಿನ ಲೆಕ್ಕವನ್ನು ಇದರೊಡನೆ ಹೋಲಿಸಿದರೆ, ಸಣ್ಣ ಕಾಯಿಲ್ ಸಹ ಚಿಕ್ಕ ಸಾಕೆಟ್ಟಿನ ಮಿತಿಯನ್ನು ದಾಟುತ್ತದೆಂಬುದು ಸ್ಪಷ್ಟ. ಇಷ್ಟಾದರೂ ದಪ್ಪ ಕಡ್ಡಿಯ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಟರ್ ಪ್ಲಗ್ ಎಂಬ ವಸ್ತು ಸಂತೆಯಲ್ಲಿಯೂ ದೊರೆಯುತ್ತದೆ. ಕಡ್ಡಿಯ ಗಾತ್ರದಲ್ಲಿ ವ್ಯತ್ಯಾಸವನ್ನಿಟ್ಟಿರುವುದೇ ಹೆಚ್ಚು ಪ್ರವಾಹದ ಉಪಕರಣ ಚಿಕ್ಕ ಸಾಕೆಟ್ಟಿಗೆ ಹೋಗಬಾರದೆಂದು. ಆ ತಡೆಯನ್ನು ಹಣ ಕೊಟ್ಟು ಮುರಿಯುವ ಸಾಧನವಿದು. ಗೀಸರಿಗೆ ಇದನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. ಪ್ಲಗ್ ಇಲ್ಲದೆ ತಂತಿಯ ತುದಿಗಳನ್ನು ಸುಲಿದು, ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸುವುದನ್ನಂತೂ ಹೇಳುವುದೇ ಬೇಡ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕು. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಸಿಮೆಂಟು, ಕಬ್ಬಿಣದ ಲೆಕ್ಕ ಬರುತ್ತದೆಂದ ಮಾತ್ರಕ್ಕೆ ವಿದ್ಯುತ್ತೂ ಬರುತ್ತದೆಂಬ ಹಮ್ಮು ಸೇವೆಗೆ ಸೇರಿದ ಹೊಸದರಲ್ಲಿ ನನಗಿತ್ತು. ಬಾಡಿಗೆ ಮನೆಯಲ್ಲಿ 16 ಆಂಪಿಯರ್ ಸಾಕೆಟ್ ಇರುವುದನ್ನು ನೋಡಿ, ಅಷ್ಟಕ್ಕೇ ತೃಪ್ತನಾಗಿ ಗೀಸರ್ ಹಾಕಿಸಿದೆ. ಎರಡನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸುಟ್ಟ ಬೇಕಲೈಟಿನ ವಾಸನೆ ಬಂತು. ಪ್ಲಗ್ ತೆಗೆಯಲು ಹೋದರೆ ಅದು ಸಾಕೆಟ್ಟಿಗೆ ಅಂಟಿಕೊಂಡಿತ್ತು. ಮೇನ್ ಸ್ವಿಚ್ ಆರಿಸಿ ಪ್ಲೇಟ್ ಬಿಚ್ಚಿಸಿದಾಗ, ಫೇಸ್ ತಂತಿಯನ್ನು ಹಿಡಿದ ಸ್ಕ್ರೂ ಬೆರಳಿನಲ್ಲಿಯೇ ತಿರುಗುವಷ್ಟು ಸಡಿಲವಾಗಿತ್ತು.

ಸಡಿಲ ಸ್ಕ್ರೂ ಇಷ್ಟು ಹಾನಿ ಮಾಡಲು ಕಾರಣವಿದೆ. ತಂತಿ ಮತ್ತು ಹಿತ್ತಾಳೆಯ ನಡುವೆ ಬಿಗಿತ ತಪ್ಪಿದಲ್ಲಿ ಸಣ್ಣ ರೋಧ ಹುಟ್ಟುತ್ತದೆ. ಅದು ಅರ್ಧ ಓಮ್ ಎಂದೇ ಇಟ್ಟುಕೊಳ್ಳೋಣ. ಆ ಬಿಂದುವಿನಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 8.7 ಆಂಪಿಯರ್ ಹರಿದಾಗ ಇದು ಸುಮಾರು 38 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿ 25 ಅಥವಾ 35 ವ್ಯಾಟಿನದಾಗಿರುತ್ತದೆ. ಅಂತಹ ಒಂದು ಬೆಸುಗೆ ಕಡ್ಡಿಯನ್ನು ಪ್ಲಾಸ್ಟಿಕ್ ಪ್ಲೇಟಿನ ಹಿಂದೆ ಅಡಗಿಸಿಟ್ಟು ಪ್ರತಿದಿನ ಅರ್ಧ ಗಂಟೆ ಉರಿಸಿದಂತಾಯಿತು. ಈ ಬಿಸಿಯನ್ನು ಎಂಸಿಬಿ ಗುರುತಿಸಲಾರದು, ಏಕೆಂದರೆ ಒಟ್ಟು ಪ್ರವಾಹ ಹೆಚ್ಚಾಗಿರುವುದಿಲ್ಲ. ಮೊಬೈಲ್ ಚಾರ್ಜರಿನ ಸಾಕೆಟ್ಟಿನಲ್ಲಿ ಇದೇ ಸಡಿಲತೆ ಇದ್ದರೂ ವರ್ಷಾನುಗಟ್ಟಲೆ ಏನೂ ಆಗದು. ಆದ್ದರಿಂದ ಕಾಯಿಸುವ ಉಪಕರಣದ ಫಿಟ್ಟಿಂಗ್‌ಗಳನ್ನು ಆರಿಸುವಾಗ ಪ್ಲೇಟಿನ ಬಣ್ಣಕ್ಕಿಂತ ಮೊದಲು ಅದನ್ನು ತಿರುಗಿಸಿ ಹಿಂಭಾಗವನ್ನು ನೋಡಿರಿ. ಹಿತ್ತಾಳೆಯ ಭಾಗಗಳು ದಪ್ಪವಾಗಿವೆಯೇ, 4 ಚದರ ಮಿಲಿಮೀಟರ್ ತಂತಿ ಸರಾಗವಾಗಿ ಒಳಹೋಗುವಷ್ಟು ರಂಧ್ರವಿದೆಯೇ, ಸ್ಕ್ರೂ ಗಟ್ಟಿಯಾಗಿ ಕಚ್ಚುತ್ತದೆಯೇ ಎಂದು ಪರೀಕ್ಷಿಸಿರಿ. ಪ್ಲಗ್ ಚುಚ್ಚಿದರೆ ಹಿಡಿತ ಬಿಗಿಯಾಗಿರಬೇಕು. ಅದರ ಭಾರಕ್ಕೆ ಅದೇ ಜೋತು ಬೀಳುವಂತಿದ್ದರೆ ಆ ಸಾಕೆಟ್ ಗೀಸರಿಗೆ ಅನರ್ಹ.

ಐಎಸ್‌ಐ ಗುರುತು ಸ್ವಿಚ್, ಸಾಕೆಟ್, ತಂತಿ, ಗೀಸರ್ ಎಲ್ಲಕ್ಕೂ ಕಡ್ಡಾಯವಾಗಿದೆ. ಗುರುತಿನ ಕೆಳಗಿರುವ ಲೈಸೆನ್ಸ್ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಮೂದಿಸಿ ಅಸಲಿಯೋ ನಕಲಿಯೋ ತಿಳಿಯಬಹುದು. ಅಂಗಡಿಯಲ್ಲಿ ನಿಂತೇ ಈ ಪರಿಶೀಲನೆ ಮಾಡಲು ಎರಡು ನಿಮಿಷ ಸಾಕು.

ಪ್ಲಗ್ ಮತ್ತು ನೇರ ಜೋಡಣೆ

3000 ವ್ಯಾಟ್‌ವರೆಗಿನ ಗೀಸರಿಗೆ 16 ಆಂಪಿಯರ್ ಸಾಕೆಟ್ ನಿಯಮದಂತೆ ಸಾಕಾಗುತ್ತದೆ. 4500 ವ್ಯಾಟಿನದಕ್ಕೆ ಪ್ಲಗ್ ಸಲ್ಲದು, 19.6 ಆಂಪಿಯರ್ 16ರ ಮಿತಿಯನ್ನು ಮೀರುತ್ತದೆ. ಅದನ್ನು 32 ಆಂಪಿಯರ್ ಡಿಪಿ ಸ್ವಿಚ್ಚಿನ ಮೂಲಕ, ತಂತಿಯನ್ನು ಸ್ಕ್ರೂ ಟರ್ಮಿನಲ್‌ಗೆ ಬಿಗಿದು ನೇರವಾಗಿಯೇ ಜೋಡಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಹಳ್ಳಿಯ ಮನೆಗಳಿಗೆ 4500 ವ್ಯಾಟಿನ ಗೀಸರ್ ಬೇಡವೇ ಬೇಡ. ಸರ್ವಿಸ್ ತಂತಿಯಿಂದ ಹಿಡಿದು ಮೀಟರಿನವರೆಗೆ ಅದನ್ನು ತಡೆಯುವ ವ್ಯವಸ್ಥೆ ಬಹುತೇಕ ಮನೆಗಳಲ್ಲಿಲ್ಲ.

2000 ವ್ಯಾಟ್ ಗೀಸರಿಗೂ ನೇರ ಜೋಡಣೆ ಮಾಡಬಹುದೇ ಎಂಬ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ಮಾಡಬಹುದು, ಮತ್ತು ಒದ್ದೆಯ ಸ್ಥಳದಲ್ಲಿ ಅದು ಉತ್ತಮ. ಪ್ಲಗ್ಗು ಮತ್ತು ಸಾಕೆಟ್ಟಿನ ನಡುವಿನ ಸಂಪರ್ಕವೇ ಇಲ್ಲದಿರುವುದರಿಂದ ಸಡಿಲವಾಗುವ ಒಂದು ಜಾಗ ಕಡಿಮೆಯಾಗುತ್ತದೆ. ಬೇಲೂರು ಭಾಗದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಗೋಡೆ ಬೆವರುತ್ತದೆ. ಹಿತ್ತಾಳೆಯ ಕಡ್ಡಿಗಳು ಕಿಲುಬು ಹಿಡಿದು ಸಂಪರ್ಕ ಕೆಡುವುದುಂಟು. ಆದರೆ ಗೀಸರಿನೊಡನೆ ಬಂದ ಅಚ್ಚು ಪ್ಲಗ್ಗನ್ನು ಕತ್ತರಿಸಿದರೆ ವಾರಂಟಿಗೆ ತೊಡಕಾಗಬಹುದಾದ್ದರಿಂದ, ವಾರಂಟಿ ಪತ್ರವನ್ನು ಮೊದಲು ಓದಿಕೊಳ್ಳತಕ್ಕದ್ದು. ಎಸಿ ಬಾಕ್ಸ್ ಎಂದು ಅಂಗಡಿಯವರು ಕರೆಯುವ, ಒಂದೇ ಪೆಟ್ಟಿಗೆಯಲ್ಲಿ ಎಂಸಿಬಿಯೂ 20 ಆಂಪಿಯರ್ ಪ್ಲಗ್ ಸಾಕೆಟ್ಟೂ ಇರುವ ವ್ಯವಸ್ಥೆ ಗಟ್ಟಿಮುಟ್ಟಾದದ್ದು. ಸ್ನಾನಗೃಹದ ಹೊರಗೋಡೆಗೆ ಅದನ್ನು ಹಾಕಿಸುವವರಿದ್ದಾರೆ. ತಗಡಿನ ಪೆಟ್ಟಿಗೆಯಾಗಿದ್ದರೆ ಅದಕ್ಕೂ ಭೂಸಂಪರ್ಕ ಕೊಡಬೇಕೆಂಬುದನ್ನು ಮರೆಯುವಂತಿಲ್ಲ.

ಡಿಪಿ ಸ್ವಿಚ್ ಏಕೆ ಬೇಕು

ಸಾಮಾನ್ಯ ಸ್ವಿಚ್ ಒಂದು ತಂತಿಯನ್ನು ಮಾತ್ರ ತುಂಡರಿಸುತ್ತದೆ. ಡಬಲ್ ಪೋಲ್, ಅಂದರೆ ಡಿಪಿ ಸ್ವಿಚ್, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿದುಹಾಕುತ್ತದೆ. ಪಟ್ಟಣದ ಮನೆಗಿಂತ ಹಳ್ಳಿಯ ಮನೆಗೆ ಇದರ ಅಗತ್ಯ ಹೆಚ್ಚು. ಗಾಳಿಮಳೆಗೆ ಕಂಬದ ತಂತಿ ಕಡಿದು ಮತ್ತೆ ಕಟ್ಟಿದಾಗ, ಸರ್ವಿಸ್ ವೈರ್ ಬದಲಿಸಿದಾಗ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗುವುದುಂಟು. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಆದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಈಗ ಗೀಸರಿನ ಒಂಟಿ ಸ್ವಿಚ್ ಕಡಿಯುತ್ತಿರುವುದು ನ್ಯೂಟ್ರಲ್ಲನ್ನು. ಸ್ವಿಚ್ ಆರಿಸಿದ ಮೇಲೂ ಕಾಯಿಲಿನ ತುಂಬ 230 ವೋಲ್ಟ್ ಕಾದು ಕುಳಿತಿರುತ್ತದೆ. ಕಾಯಿಲಿನ ಕವಚದಲ್ಲಿ ಬಿರುಕಿದ್ದರೆ ಅದು ನೀರಿಗೆ ಇಳಿಯುತ್ತದೆ. "ಸ್ವಿಚ್ ಆರಿಸಿಯೇ ಸ್ನಾನಕ್ಕೆ ಹೋಗಿ" ಎಂಬ ಎಚ್ಚರಿಕೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಆ ಮಾತಿಗೆ ಅರ್ಥ ಬರುವುದು ಸ್ವಿಚ್ ಡಿಪಿ ಆಗಿದ್ದಾಗ ಮಾತ್ರ.

2000 ಮತ್ತು 3000 ವ್ಯಾಟ್‌ಗೆ 20 ಅಥವಾ 25 ಆಂಪಿಯರ್‌ನ, ಕೆಂಪು ದೀಪವಿರುವ ಡಿಪಿ ಸ್ವಿಚ್ ಸೂಕ್ತ. ಬೆಲೆ ಕೆಲವೇ ನೂರು ರೂಪಾಯಿ. ಕೊಳ್ಳುವಾಗ ಹಿಂಭಾಗದಲ್ಲಿ ಎರಡು ಒಳತಂತಿ, ಎರಡು ಹೊರತಂತಿ, ಹೀಗೆ ನಾಲ್ಕು ಟರ್ಮಿನಲ್‌ಗಳಿವೆಯೇ ಎಣಿಸಿ ನೋಡಬೇಕು. ನೋಡಲು ದೊಡ್ಡದಾಗಿದ್ದು ಒಳಗೆ ಒಂಟಿಯಾಗಿರುವ ಸ್ವಿಚ್ಚುಗಳೂ ಇವೆ.

ಗೋಡೆಯೊಳಗಿನ ತಂತಿ

ಹೊರಗಿನ ಪ್ಲೇಟ್ ಎಷ್ಟೇ ಉತ್ತಮವಾಗಿದ್ದರೂ ಹಿಂದಿನ ತಂತಿ ತೆಳುವಾಗಿದ್ದರೆ ಪ್ರಯೋಜನವಿಲ್ಲ. ದೀಪಗಳಿಗೆ ಎಳೆಯುವ 1 ಅಥವಾ 1.5 ಚದರ ಮಿಲಿಮೀಟರ್ ತಂತಿಯಿಂದ ಗೀಸರಿಗೆ ಕವಲು ತೆಗೆಯಕೂಡದು. ಮೀಟರ್ ಬೋರ್ಡಿನಿಂದ ಸ್ನಾನಗೃಹಕ್ಕೆ ಪ್ರತ್ಯೇಕ ತಂತಿ ಬೇಕು: 2000 ವ್ಯಾಟ್‌ಗೆ 2.5 ಚದರ ಮಿಲಿಮೀಟರ್ ತಾಮ್ರ ಮತ್ತು 16 ಆಂಪಿಯರ್ ಎಂಸಿಬಿ. 3000 ವ್ಯಾಟ್‌ಗೆ ಅಥವಾ ದೂರ ಹೆಚ್ಚಿದ್ದಲ್ಲಿ 4 ಚದರ ಮಿಲಿಮೀಟರ್ ಮತ್ತು 20 ಆಂಪಿಯರ್ ಎಂಸಿಬಿ. ತಂತಿಯ ಮೇಲೆ ಐಎಸ್ 694 ಎಂದು ಮುದ್ರಿತವಾಗಿರುತ್ತದೆ. ಮೊದಲ ದಿನವೇ ಹಸಿರು ಬಣ್ಣದ ಭೂಸಂಪರ್ಕ ತಂತಿಯನ್ನೂ ಅದೇ ಪೈಪಿನಲ್ಲಿ ಎಳೆಸಬೇಕು. ಆಮೇಲೆ ಎಳೆಯುತ್ತೇವೆಂದರೆ ಗೋಡೆ ಒಡೆಯಬೇಕಾದೀತು.

ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಇನ್ನೂ ಇದೆ. ಅದು ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಸಡಿಲಗೊಳ್ಳುತ್ತದೆ. ಆ ತಂತಿಗೆ ಗೀಸರ್ ಜೋಡಿಸುವುದಕ್ಕಿಂತ ಹಂಡೆಯೇ ಮೇಲು.

ಎಂಸಿಬಿ ಪದೇಪದೇ ಬೀಳುತ್ತದೆಂದು 32 ಆಂಪಿಯರಿನದನ್ನು ಹಾಕಿಸಿಕೊಳ್ಳುವವರಿದ್ದಾರೆ. ಎಂಸಿಬಿ ಕಾಪಾಡುವುದು ಗೋಡೆಯೊಳಗಿನ ತಂತಿಯನ್ನು. ಅದನ್ನು ದೊಡ್ಡದು ಮಾಡಿದರೆ, ಬೀಳುವ ಬದಲು ತಂತಿ ಬೇಯುತ್ತದೆ.

ವೋಲ್ಟೇಜಿನ ಬಗೆಗೆ ಒಂದು ಮಾತು. ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ ಕುಸಿದು ಗೀಸರ್ ಸುಟ್ಟುಹೋಗುತ್ತದೆಂಬ ನಂಬಿಕೆ ರೈತರಲ್ಲಿದೆ. ಮೋಟಾರಿನ ವಿಷಯದಲ್ಲಿ ಈ ಭಯ ಸರಿ. ಗೀಸರಿನ ವಿಷಯದಲ್ಲಿ ಹಾಗಲ್ಲ. 180 ವೋಲ್ಟ್‌ನಲ್ಲಿ 2000 ವ್ಯಾಟಿನ ಗೀಸರ್ ಸುಮಾರು 1225 ವ್ಯಾಟ್ ಮಾತ್ರ ಎಳೆಯುತ್ತದೆ; ನೀರು ತಡವಾಗಿ ಕಾಯುತ್ತದೆ, ಅಷ್ಟೆ. ಪಂಪುಗಳೆಲ್ಲ ನಿಂತು ವೋಲ್ಟೇಜ್ 260ಕ್ಕೆ ಏರಿದಾಗ ಅದೇ ಗೀಸರ್ 2550 ವ್ಯಾಟ್ ದಾಟುತ್ತದೆ. ಫಿಟ್ಟಿಂಗ್‌ಗಳನ್ನು ಲೆಕ್ಕಕ್ಕಿಂತ ಒಂದು ಮೆಟ್ಟಿಲು ದೊಡ್ಡದಾಗಿ ಆರಿಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಹಾಕಿಸಬೇಕು

ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸ್ನಾನಗೃಹವನ್ನು ವಲಯಗಳಾಗಿ ವಿಂಗಡಿಸಲಾಗಿದೆ. ಸ್ನಾನ ಮಾಡುವ ಜಾಗದ ಮೇಲೆ 2.25 ಮೀಟರ್ ಎತ್ತರದವರೆಗಿನದು ಒಂದು ವಲಯ, ಅದರ ಪಕ್ಕದ 60 ಸೆಂಟಿಮೀಟರ್ ಇನ್ನೊಂದು. ಈ ಎರಡರಲ್ಲಿಯೂ ಸಾಕೆಟ್ ಇರಕೂಡದು. ನಾಲ್ಕಡಿ ಅಗಲದ ನಮ್ಮ ಸ್ನಾನಗೃಹದಲ್ಲಿ ಈ ಅಳತೆಯನ್ನಿಟ್ಟು ನೋಡಿದರೆ ಕೈಗೆಟುಕುವ ಗೋಡೆಯೆಲ್ಲವೂ ನಿಷಿದ್ಧ ವಲಯವೇ ಆಗುತ್ತದೆ. ಆದ್ದರಿಂದ ಡಿಪಿ ಸ್ವಿಚ್ ಬಾಗಿಲ ಹೊರಗೇ ಇರಬೇಕು. ಒದ್ದೆ ಕೈಯಲ್ಲಿ ಮುಟ್ಟುವ ಸಂದರ್ಭವೇ ಬರಬಾರದು. ಒಳಗೆ ಪ್ಲಗ್ ಅನಿವಾರ್ಯವಾದರೆ ಏಳೂವರೆ ಅಡಿಗಿಂತ ಮೇಲೆ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ, ಗೀಸರಿನ ಪಕ್ಕಕ್ಕೆ ಇರಲಿ. ಗೀಸರಿನ ನೇರ ಕೆಳಗೆ ಎಂದಿಗೂ ಬೇಡ. ಒತ್ತಡ ಹೆಚ್ಚಿದಾಗ ಅದರ ಸೇಫ್ಟಿ ವಾಲ್ವ್ ಹನಿಸುವುದು ಸಹಜ ಕ್ರಿಯೆ. ಪೈಪಿನ ಜೋಡಣೆಗಳು ಸೋರುವುದೂ ಅಲ್ಲಿಯೇ.

ಭೂಸಂಪರ್ಕ ಮತ್ತು ಆರ್‌ಸಿಸಿಬಿ

ಚಪ್ಪಲಿ ಧರಿಸಿ ಸ್ನಾನ ಮಾಡುತ್ತಿದ್ದ ಮನೆಯ ವಿಷಯಕ್ಕೆ ಈಗ ಬರೋಣ. ಕೊಳವೆಬಾವಿಯ ಗಡಸು ನೀರು ಕಾಯಿಲಿನ ಮೇಲೆ ಸುಣ್ಣದಂತಹ ಪೊರೆ ಕಟ್ಟುತ್ತದೆ. ಪೊರೆಯೊಳಗೆ ಶಾಖ ಸಿಕ್ಕಿಬಿದ್ದು ಕಾಯಿಲಿನ ಲೋಹದ ಕವಚ ಬಿರಿಯುತ್ತದೆ, ಪ್ರವಾಹ ನೀರಿಗೂ ಟ್ಯಾಂಕಿನ ಮೈಗೂ ಸೋರುತ್ತದೆ. ಇದು ಯಾವ ಕಂಪನಿಯ ಗೀಸರಿನಲ್ಲಾದರೂ ಒಂದು ದಿನ ಆಗಬಹುದಾದದ್ದು. ಆ ದಿನ ಪ್ರವಾಹಕ್ಕೆ ನೆಲಕ್ಕಿಳಿಯಲು ಸುಗಮ ದಾರಿ ಇರಬೇಕು. ಇಲ್ಲವಾದರೆ ಒದ್ದೆ ನೆಲದ ಮೇಲೆ ನಿಂತು ನಲ್ಲಿ ಹಿಡಿದವರ ದೇಹವೇ ದಾರಿಯಾಗುತ್ತದೆ. ಒದ್ದೆ ದೇಹದ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ 230 ಮಿಲಿ ಆಂಪಿಯರ್ ಹರಿಯುತ್ತದೆ. ಪ್ರಾಣ ತೆಗೆಯಲು ಅದರಲ್ಲಿ ಒಂದು ಭಾಗವೇ ಸಾಕು. ರಬ್ಬರ್ ಚಪ್ಪಲಿ ತೂತಾಗುವವರೆಗೆ, ಅಥವಾ ಇನ್ನೊಂದು ಕೈ ಒದ್ದೆ ಗೋಡೆಗೆ ತಾಗುವವರೆಗೆ ಮಾತ್ರ ಚಪ್ಪಲಿಯ ರಕ್ಷಣೆ.

ಪವರ್ ಪ್ಲಗ್ಗಿನ ಮೇಲಿನ ದಪ್ಪ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದನ್ನು ಗಮನಿಸಿರಬಹುದು. ಚುಚ್ಚುವಾಗ ಅದು ಮೊದಲು ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಎಂಬುದೇ ಅದರ ಉದ್ದೇಶ. ಆ ಕಡ್ಡಿ ಸೇರುವ ತಂತಿ ನಿಜವಾಗಿ ಒಂದು ಭೂಸಂಪರ್ಕ ಗುಂಡಿಯನ್ನು ತಲುಪಬೇಕು. ಹಿಂದೆ ಕಬ್ಬಿಣದ ನೀರಿನ ಪೈಪಿಗೆ ಈ ತಂತಿಯನ್ನು ಸುತ್ತಿ ಕೈತೊಳೆದುಕೊಳ್ಳುತ್ತಿದ್ದರು. ಈಗ ಮಧ್ಯದಲ್ಲೆಲ್ಲೋ ಪಿವಿಸಿ ಪೈಪ್ ಬಂದಿರುತ್ತದೆ; ದಾರಿ ಅಲ್ಲಿಗೇ ನಿಂತುಹೋಗುತ್ತದೆ, ಮನೆಯ ನಲ್ಲಿಗಳಿಗೆಲ್ಲ ವಿದ್ಯುತ್ ಹರಡುವುದಷ್ಟೇ ಲಾಭ. ಇದಕ್ಕಿಂತ ಘೋರವಾದುದು, ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನಿಂದ ಭೂಸಂಪರ್ಕದ ರಂಧ್ರಕ್ಕೆ ತುಂಡು ತಂತಿ ಹಾಕಿ "ಅರ್ಥಿಂಗ್ ಆಯಿತು" ಎನ್ನುವುದು. ಕಂಬದಲ್ಲಿ ನ್ಯೂಟ್ರಲ್ ಕಡಿದರೆ, ಅಥವಾ ಮೇಲೆ ಹೇಳಿದ ಅದಲುಬದಲು ಸಂಭವಿಸಿದರೆ, ಕೆಡದ ಗೀಸರಿನ ಮೈಗೂ ಪೂರ್ಣ ವೋಲ್ಟೇಜ್ ಬರುತ್ತದೆ. ಈ ಕೆಲಸ ಮಾಡಿದವರನ್ನು ಮತ್ತೆ ಮನೆಯೊಳಗೆ ಸೇರಿಸಬಾರದು.

ಗುಂಡಿಯ ವಿಷಯದಲ್ಲಿ ನಮ್ಮ ಎರಡು ತಾಲ್ಲೂಕುಗಳ ಮಣ್ಣಿಗೆ ವ್ಯತ್ಯಾಸವಿದೆ. ಬೇಲೂರಿನ ಮಲೆನಾಡು ಅಂಚಿನ ಮಣ್ಣಿನಲ್ಲಿ ವರ್ಷದ ಬಹುಭಾಗ ತೇವವಿರುತ್ತದೆ. ಹಳೇಬೀಡಿನಿಂದ ಜಾವಗಲ್, ಬಾಣಾವರದತ್ತ ಹೋದಂತೆ ನೆಲ ಒಣಗುತ್ತದೆ. ಕಣಕಟ್ಟೆ ಕಡೆಯ ಗರಸು ನೆಲದಲ್ಲಿ ಬೇಸಿಗೆಯ ಗುಂಡಿ ಬರೀ ಪುಡಿಮಣ್ಣು. ಎರಡೂವರೆ ಮೀಟರಿನಷ್ಟು ಆಳಕ್ಕೆ ಜಿಐ ಪೈಪನ್ನು ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬಿ, ಬಾಯಿಗೆ ನೀರು ಹೊಯ್ಯುವ ವ್ಯವಸ್ಥೆ ಮಾಡಬೇಕು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗುಂಡಿ ತೆಗೆಸಿದರೆ ತೇವ ತಾನಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಒಣ ನೆಲದಲ್ಲಿ ಗುಂಡಿಯ ರೋಧ 50 ಓಮ್ ಇದ್ದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ದೋಷವಾದಾಗ ಹರಿಯುವುದು 230ನ್ನು 50ರಿಂದ ಭಾಗಿಸಿದಷ್ಟು, ಅಂದರೆ 4.6 ಆಂಪಿಯರ್. 16 ಆಂಪಿಯರ್ ಎಂಸಿಬಿ ಇದನ್ನು ಸಾಧಾರಣ ಬಳಕೆಯೆಂದೇ ತಿಳಿದು ಸುಮ್ಮನಿರುತ್ತದೆ. ಗೀಸರಿನ ಮೈ ಮಾತ್ರ ಅಪಾಯದ ವೋಲ್ಟೇಜಿನಲ್ಲಿಯೇ ಉಳಿಯುತ್ತದೆ. "ಅರ್ಥಿಂಗೂ ಇದೆ, ಎಂಸಿಬಿಯೂ ಇದೆ" ಎಂಬ ಧೈರ್ಯ ಇಲ್ಲಿ ಕುಸಿಯುತ್ತದೆ. ಈ ಕಾರಣದಿಂದಲೇ ಆರ್‌ಸಿಸಿಬಿ ಅತ್ಯಗತ್ಯ. ಹಳಬರು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಅದು ಫೇಸ್‌ನಲ್ಲಿ ಹೋದ ಪ್ರವಾಹವನ್ನೂ ನ್ಯೂಟ್ರಲ್‌ನಲ್ಲಿ ಮರಳಿದ ಪ್ರವಾಹವನ್ನೂ ಸದಾ ತೂಗುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟಿದರೆ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಸಂಪರ್ಕ ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಗೃಹಬಳಕೆಗೆ ಈ 30 ಮಿಲಿ ಆಂಪಿಯರ್ ಮಿತಿಯನ್ನೇ ಹೇಳುತ್ತವೆ. 100 ಅಥವಾ 300 ಮಿಲಿ ಆಂಪಿಯರಿನದು ಅಗ್ಗವಾಗಿ ಸಿಕ್ಕಿತೆಂದು ತರಬೇಡಿ. ಅವು ಮನುಷ್ಯರನ್ನು ಉಳಿಸಲೆಂದು ಮಾಡಿದವಲ್ಲ.

ಅದರ ಮೈಮೇಲೆ "ಟಿ" ಎಂಬ ಅಕ್ಷರವಿರುವ ಗುಂಡಿಯೊಂದಿದೆ. ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದೊಡನೆ ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ. ಗೀಸರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ಅದನ್ನು ತಪ್ಪಿಸಿ ನೇರ ಸಂಪರ್ಕ ಮಾಡಿಸುವುದು ಸಲ್ಲದು. ಕಾಯಿಲ್ ಸೋರುತ್ತಿದೆಯೆಂದೇ ಅದರ ಅರ್ಥ.

ಸೋಲಾರ್ ಟ್ಯಾಂಕಿನ ಕಾಯಿಲ್

ಸೋಲಾರ್ ವಾಟರ್ ಹೀಟರ್ ಇರುವವರು ಈ ವಿಷಯ ತಮಗಲ್ಲವೆಂದು ಭಾವಿಸಬಾರದು. ಮೋಡದ ದಿನಗಳಿಗೆಂದು ಅದರ ಟ್ಯಾಂಕಿನೊಳಗೂ ಬಹುತೇಕ 2000 ವ್ಯಾಟಿನ ಕಾಯಿಲ್ ಇರುತ್ತದೆ. ಅದರ ತಂತಿ ತಾರಸಿಯ ಮೇಲೆ ಬಿಸಿಲಿಗೂ ಮಳೆಗೂ ಬಿದ್ದಿರುತ್ತದೆ. ತಾರಸಿಯಲ್ಲಿ ತೆರೆದ ಸಾಕೆಟ್ ಇಟ್ಟು ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿರುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಮಳೆನಿರೋಧಕ ಪೆಟ್ಟಿಗೆಯೊಳಗೆ ನೇರ ಜೋಡಣೆ, ಪೈಪಿನೊಳಗೆ ತಂತಿ, ಕೆಳಗೆ ಕೈಗೆ ಸಿಗುವಲ್ಲಿ ಡಿಪಿ ಸ್ವಿಚ್, ಅದೂ ಆರ್‌ಸಿಸಿಬಿಯ ರಕ್ಷಣೆಯಡಿ, ಇಷ್ಟಿರಬೇಕು. ಹೋಂಸ್ಟೇ ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೇಲೂರು, ಹಳೇಬೀಡಿಗೆ ಬರುವ ಅತಿಥಿಗೆ ನಿಮ್ಮ ಮನೆಯ ನಲ್ಲಿಯ ಸ್ವಭಾವ ತಿಳಿದಿರುವುದಿಲ್ಲ.

ಮಂಜೂರಾದ ಲೋಡ್ ಮತ್ತು ಬಿಲ್ಲು

ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನಮೂದಾಗಿರುತ್ತದೆ. 1 ಕಿಲೋವ್ಯಾಟ್ ಇರುವ ಮನೆಗೆ 2 ಕಿಲೋವ್ಯಾಟಿನ ಗೀಸರ್ ತರುವ ಮುನ್ನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಶಾಖಾ ಕಚೇರಿಯಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಸಲ್ಲಿಸಬೇಕು. ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಿರಿ.

ಬಿಲ್ಲಿನ ಲೆಕ್ಕ ಹೀಗಿದೆ. 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.7 ಯೂನಿಟ್ ಬೇಕು; 2000 ವ್ಯಾಟಿನ ಗೀಸರಿಗೆ ಸುಮಾರು 21 ನಿಮಿಷ. ದಿನಕ್ಕೆ ಎರಡು ಬಾರಿಯಾದರೆ ತಿಂಗಳಿಗೆ 42 ಯೂನಿಟ್. ಗೃಹಜ್ಯೋತಿಯ ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಯಾಗಿರುತ್ತದೆ. ಹಿಂದೆ ಗೀಸರ್ ಇಲ್ಲದಿದ್ದ ಮನೆಯಲ್ಲಿ ಈ 42 ಯೂನಿಟ್ ಮಿತಿಯನ್ನು ಮೀರಿ ಬಿಲ್ಲು ಬರಲು ಸಾಧ್ಯವಿದೆ. ಬಿಲ್ಲು ಬಂತೆಂದು ಪಂಚಾಯಿತಿಗೆ ಬಂದು ವಿಚಾರಿಸುವವರಿಗೆ ನಾನು ಈ ಲೆಕ್ಕವನ್ನೇ ಬರೆದುಕೊಡುತ್ತೇನೆ.

ಈಗಾಗಲೇ ಗೀಸರ್ ಇರುವ ಮನೆಗಳು

ಮುಂದಿನ ಭಾನುವಾರ ಒಂದು ಕೆಲಸ ಮಾಡಿರಿ. ಗೀಸರನ್ನು ಇಪ್ಪತ್ತು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ; ಬೆರಳು ಇಡಲಾಗದಷ್ಟು ಬಿಸಿಯಿದ್ದರೆ, ಸಾಕೆಟ್ಟಿನ ರಂಧ್ರದ ಸುತ್ತ ಕಂದು ಬಣ್ಣ ಬಂದಿದ್ದರೆ, ಸ್ವಿಚ್ ಹಾಕುವಾಗ ಚಿಟಚಿಟ ಸದ್ದಾದರೆ ಬದಲಿಸುವವರೆಗೆ ಬಳಸಬೇಡಿ. ಬದಲಿಸುವಾಗ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಬೇಕು, ಏಕೆಂದರೆ ಸುಟ್ಟ ಕಡ್ಡಿ ಹೊಸ ಸಾಕೆಟ್ಟನ್ನೂ ಸುಡುತ್ತದೆ. ತಂತಿಯ ಸುಟ್ಟ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆಯೇ ಸ್ಕ್ರೂ ಬಿಗಿಯಬೇಕು. ಭೂಸಂಪರ್ಕ ತಂತಿ ನಿಜವಾಗಿಯೂ ಗುಂಡಿಯವರೆಗೆ ಹೋಗಿದೆಯೇ ಎಂಬುದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಮೂಲಕ ಅಳೆಯಿಸಿರಿ. ಟೆಸ್ಟರ್ ಚುಚ್ಚಿ ನೋಡಿದರೆ ಇದು ತಿಳಿಯುವುದಿಲ್ಲ.

ನಲ್ಲಿ ಮುಟ್ಟಿದಾಗ ಸ್ವಲ್ಪವೇ ಜುಂ ಎಂದರೂ ಅಂದೇ ಎಂಸಿಬಿ ಆರಿಸಿ, ಗೀಸರಿನ ಸಂಪರ್ಕ ಬಿಡಿಸಿರಿ. ಆಮೇಲೂ ಜುಂ ಎನ್ನುತ್ತಿದ್ದರೆ ದೋಷ ಮನೆಯ ಬೇರೆ ಕಡೆ ಅಥವಾ ಕಂಬದಲ್ಲಿದೆ. ಆಗ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ.